ಮದುವೆಯಾದರೆ ಕೆಲಸ ಬಿಡಬೇಕು

ಅಲಕಾ ಮಗದುಮ ಕುಂಥುನಾಥ ಚೌಗುಲೆಯನ್ನು ಮೊದಲ ಸಲ ನೋಡಿದ್ದು ಕೊಲ್ಹಾಪುರದ ಲೇಬರ್ ಕೋರ್ಟಿನ ವರಾಂಡದಲ್ಲಿ. ಮೊದಲ ಸಲ ಬೈದದ್ದೂ ಅಲ್ಲೇ, ಅದೇ ನಿಮಿಷದಲ್ಲಿ.

ಎಪ್ಪತ್ತೊಂಬತ್ತರ ಆಷಾಢ. ಹೊರಗೆ ಮಳೆ ಬಿಡುವಿಲ್ಲದೆ ಹೊಯ್ಯುತ್ತಿತ್ತು. ಎದುರು ಪಕ್ಷದ ವಕೀಲ ಬೆಂಚಿನ ತುದಿಗೆ ನಿಂತು ಕೋರ್ಟಿನ ಪಟ್ಟೇವಾಲನ ಜೊತೆ ಪುಣೆಯವರಂಥ ನಯವಾದ ಮರಾಠಿಯಲ್ಲಿ ಮಾತಾಡುತ್ತಿದ್ದ. ಎತ್ತರದ ಆಳು, ಮೈಮೇಲೆ ಮಾಂಸವೇ ಇಲ್ಲ. ಗೂಟಕ್ಕೆ ತೂಗುಹಾಕಿದಂತೆ ಕರಿ ಕೋಟು ಅವನ ಹೆಗಲಿಂದ ಇಳಿಬಿದ್ದಿತ್ತು. ಅಲಕಾಳ ಕಕ್ಷಿದಾರಳು ಛಾಯಾ ಎಂಬ ಹುಡುಗಿ ಅವನನ್ನು ನೋಡಿಯೇ ಸಣ್ಣಗೆ ನಡುಗುತ್ತಿದ್ದಳು.

"ಅಂಜಬ್ಯಾಡ ಛಾಯಾ," ಎಂದಳು ಅಲಕಾ, ಕನ್ನಡದಲ್ಲಿ, ದನಿ ತಗ್ಗಿಸುವ ಗೋಜಿಗೂ ಹೋಗದೆ. "ಇಂಥಾ ಕಡ್ಡಿ ಪೈಲ್ವಾನನ್ನ ನಿಮ್ಮ ಸೇಠರು ಎಲ್ಲಿಂದ ಹುಡಿಕಿದ್ರೋ ಏನೋ. ವಾದಾ ಅರ್ಧಾ ಆಗೂದ್ರಾಗ ದಮ್ಮು ಹತ್ತಿ ಕುಂತಬಿಡತಾನ."

ಆಸಾಮಿ ಮೆಲ್ಲಗೆ ತಿರುಗಿದ. ಮುಖದಲ್ಲಿ ನಗೆಯ ಸುಳಿವಿಲ್ಲ. ಕಣ್ಣು ಮಾತ್ರ ನಗೆಯನ್ನು ಬಚ್ಚಿಡಲಾರದೆ ಒದ್ದಾಡುತ್ತಿದ್ದವು.

"ಸ್ವಲ್ಪ ಆಕಡೆ ಸರೀತೀರೇನ್ರಿ, ವಕೀಲಬಾಯಾರ? ಕಡ್ಡಿಗೂ ಕುಂದರಾಕ ಜಾಗಾ ಬೇಕಾಕೈತಿ."

ಮನೆಯಲ್ಲಿ ಕನ್ನಡ ಆಡುವ ಜೈನ ಕುಟುಂಬಗಳು ಅವನ ಊರು ಇಚಲಕರಂಜಿಯಲ್ಲಿ ಓಣಿಗೊಂದಿವೆ ಎಂಬುದು ಗಡಹಿಂಗ್ಲಜದ ಮಗದುಮರ ಮಗಳಿಗೆ ಗೊತ್ತಿರಲಿಲ್ಲ ಎಂದಲ್ಲ. ಕೋಟು ಹಾಕಿದವರೆಲ್ಲ ಮರಾಠಿಯವರೆಂದು ಆ ಹೊತ್ತಿಗೆ ಅವಳ ಬುದ್ಧಿ ಹೇಳಿಬಿಟ್ಟಿತ್ತು, ಅಷ್ಟೆ. ಅವಳ ಕಿವಿ ಕೆಂಪೇರಿದವು. ಸರಿದು ಕೂತಳು. ಕ್ಷಮೆ ಮಾತ್ರ ಕೇಳಲಿಲ್ಲ.

ಇನ್ನು ಕೇಸಿನ ವಿಷಯ. ಕಬನೂರಿನ ಜಯಪಾಲ ಸೇಠರ ಬಟ್ಟೆ ಗಿರಣಿಯಲ್ಲಿ ತಪಾಸಣೆ ಖಾತೆ ಅಂತ ಒಂದಿತ್ತು. ಮಗ್ಗದಿಂದ ಬಂದ ಬಟ್ಟೆಯನ್ನು ದೀಪದ ಮೇಜಿನ ಮೇಲೆ ಹರಡಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕುವ ಕೆಲಸ. ಅಲ್ಲಿ ಹುಡುಗಿಯರೇ ಇರಬೇಕು, ಅದೂ ಮದುವೆಯಾಗದವರು. ಮದುವೆಯಾದರೆ ಕೆಲಸ ಬಿಡಬೇಕು. ಇದು ಸೇಠರ ನಿಯಮ. ಛಾಯಾ ಮದುವೆಯಾದ ಮೇಲೂ ಸುಮ್ಮನೆ ಕೆಲಸಕ್ಕೆ ಹೋಗುತ್ತಿದ್ದಳು, ಸಿಕ್ಕಿಬಿದ್ದಳು, ಹೊರಬಿದ್ದಳು.

ಸಿಕ್ಕಿಬಿದ್ದ ಬಗೆಯನ್ನು ಕೇಳಿದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಸಂಕ್ರಾಂತಿಯ ಅರಿಸಿನ-ಕುಂಕುಮಕ್ಕೆ ಸೇಠರ ಹೆಂಡತಿ ಖಾತೆಯ ಹುಡುಗಿಯರನ್ನೂ ಬಂಗಲೆಗೆ ಕರೆದಿದ್ದರು. ಬಂದ ಮುತ್ತೈದೆಯರು ಸಾಲಾಗಿ ಒಡಪು ಕಟ್ಟಿ ಗಂಡಂದಿರ ಹೆಸರು ಹೇಳುತ್ತಿದ್ದರು. ಬರಿಬಾಯಿಯಲ್ಲಿ ಗಂಡನ ಹೆಸರೆತ್ತದ ನಮ್ಮ ಕಡೆಯ ಹೆಂಗಸರಿಗೆ ಅದೊಂದೇ ದಾರಿ. ಎಳ್ಳು-ಬೆಲ್ಲದ ತಾಟು ಹಿಡಿದು ನಿಂತಿದ್ದ ಛಾಯಾಳತ್ತ ಯಾರೋ ಚೇಷ್ಟೆಗೆ, ಈಗ ನಿನ್ನ ಪಾಳಿ ಎಂದರು. ಹೊಸ ಮದುವೆ. ಅತ್ತೆಮನೆಯ ಓಣಿಯಲ್ಲಿ ದಿನಾ ಇದೇ ಆಟವಾಡಿ ನಾಲಿಗೆ ಪಳಗಿತ್ತು. ಬಾಯಿಗೆ ಸೆರಗು ಒತ್ತುವಷ್ಟರಲ್ಲಿ ಹೊರಬಂದೇಬಿಟ್ಟಿತು:

"ಕಬನೂರ ಹಾದ್ಯಾಗ ಕಬ್ಬಿನ ಗಾಣಾ, ತಾನಾಜಿರಾಯರು ನನ್ನ ಪ್ರಾಣಾ."

ಮರುದಿನ ಬೆಳಿಗ್ಗೆ ಗಿರಣಿಯ ಗೇಟಿನಲ್ಲೇ ಅವಳನ್ನು ತಿರುಗಿ ಕಳಿಸಿದರು.

ಕೇಸು ಹಾಕಬೇಕೆಂದು ಹಟ ಹಿಡಿದವಳು ಛಾಯಾ ಅಲ್ಲ, ಅವಳ ಅತ್ತೆ ಚಂದ್ರಾಬಾಯಿ. ಗಿರಣಿಯ ಗೇಟಿನೆದುರು ಚಹಾದ ಗಾಡಿ ಇಟ್ಟುಕೊಂಡ ಹೆಂಗಸು. ಮಾತು ಖಾರ, ಚಹಾ ಸಿಹಿ. ಸೊಸೆ ಗಿರಣಿಗೆ ಹೋದರಷ್ಟೇ ತಮ್ಮ ಮನೆಯಲ್ಲಿ ಶಾಂತಿ, ಇಬ್ಬರೂ ಹಗಲೆಲ್ಲ ಒಂದೇ ಸೂರಿನಡಿ ಇದ್ದರೆ ಅಡಿಗೆಮನೆಯ ಭಾಂಡೆಗಳೂ ಉಳಿಯುವುದಿಲ್ಲ ಎಂದು ಅಲಕಾಳ ಮುಂದೆ ಸ್ವಚ್ಛ ಹೇಳಿದ್ದಳು.

ಅಲಕಾ ಈ ಕೇಸನ್ನು ಎರಡು ಕೈಯಲ್ಲಿ ಬಾಚಿಕೊಂಡದ್ದಕ್ಕೆ ಬೇರೆ ಕಾರಣವೂ ಇತ್ತು. ಅವಳಿಗೆ ಇಪ್ಪತ್ತೆಂಟು ತುಂಬಿತ್ತು. ಅಪ್ಪ ಜಿನದತ್ತ ಮಗದುಮರು ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲದ ವ್ಯಾಪಾರಿ. ಮಗಳಿಗೆ ತಂದ ವರಗಳಿಗೆ ಲೆಕ್ಕವಿಲ್ಲ. ಸಾಂಗಲಿಯ ಡಾಕ್ಟರು ಬಂದ, ನಿಪ್ಪಾಣಿಯ ತಂಬಾಕಿನವರು ಬಂದರು. ಎಲ್ಲರೂ ಅವಲಕ್ಕಿ ತಿಂದು, ಹುಡುಗಿ ಭಾಳ ಶಾಣ್ಯಾಳ ಎಂದು ಹೊಗಳಿ, ಏಳುವ ಮುಂಚೆ ಅದೊಂದು ಮಾತು ಕೇಳುತ್ತಿದ್ದರು: ಮದುವೆಯಾದ ಮೇಲೆ ಕೋರ್ಟು ಬಿಡತಾಳ ಹೌದಿಲ್ಲೋ? ಅಲಕಾ ತಾಟನ್ನು ಅಲ್ಲೇ ಇಟ್ಟು ಒಳಗೆ ನಡೆಯುತ್ತಿದ್ದಳು.

ಈ ಸಲ ಅಪ್ಪನ ದನಿ ಒಡೆದಿತ್ತು. ದೀಪಾವಳಿಯ ತನಕ ನೋಡೋಣ ಮಗಳೆ, ಅಷ್ಟರಲ್ಲಿ ನಿನ್ನ ಕೋರ್ಟನ್ನು ಒಪ್ಪುವವನು ಸಿಗದಿದ್ದರೆ ನಾನು ತೋರಿಸಿದವನಿಗೆ ಹೂಂ ಅನ್ನು ಎಂದಿದ್ದರು. ಅಪ್ಪನ ಕಣ್ಣು ನೋಡಿ ಅವಳು ಮಾತು ಕೊಟ್ಟಿದ್ದಳು. 

ಕೇಸು ಶುರುವಾಯಿತು. ಕೋರ್ಟಿನಲ್ಲಿ ಇಬ್ಬರೂ ಮರಾಠಿಯಲ್ಲಿ ಹಾವು-ಮುಂಗುಸಿಯಂತೆ ಕಾದಾಡಿದರು. ಕಡ್ಡಿಗೆ ದಮ್ಮು ಹತ್ತಲೇ ಇಲ್ಲ. ಜಡ್ಜ್ ಸಾಹೇಬರು ಈ ಕೇಸನ್ನು ಯಾವಾಗಲೂ ಕೊನೆಗೆ ಕರೆಯುತ್ತಿದ್ದರು. ಮುಗಿಯುವಷ್ಟರಲ್ಲಿ ಸಂಜೆ. ಚಾತುರ್ಮಾಸ ಬೇರೆ ಬಂದಿತ್ತು. ಹೊತ್ತು ಮುಳುಗಿದ ಮೇಲೆ ಜೈನರ ಬಾಯಿಗೆ ಅನ್ನವಿಲ್ಲ. ಗಡಹಿಂಗ್ಲಜದ ಬಸ್ಸು ಮನೆ ಮುಟ್ಟಿಸುವಷ್ಟರಲ್ಲಿ ಕತ್ತಲು. ಹಾಗಾಗಿ ಕೋರ್ಟು ಎದ್ದ ಕೂಡಲೇ ಅಲಕಾ ಫೈಲನ್ನು ಎದೆಗವಚಿಕೊಂಡು ದಸರಾ ಚೌಕದ ಹಿಂದಿನ ಜಿನಮತಿಬಾಯಿಯ ಖಾನಾವಳಿಗೆ ಓಡುತ್ತಿದ್ದಳು. ಉಳ್ಳಾಗಡ್ಡಿ, ಬಟಾಟೆ ಮುಟ್ಟದ ಅಡಿಗೆ ಹತ್ತಿರದಲ್ಲಿ ಸಿಗುತ್ತಿದ್ದುದು ಅಲ್ಲೊಂದೇ.

ಮೊದಲ ಸಂಜೆ ತಾಟಿನೆದುರು ಕೂತು ಏದುಸಿರು ಬಿಡುತ್ತಿದ್ದಾಗ ಪಕ್ಕದ ಮಣೆಯ ಮೇಲೆ ಮತ್ತೊಬ್ಬರು ಏದುಸಿರು ಬಿಡುತ್ತ ಬಂದು ಕೂತರು. ನೋಡಿದರೆ ಕುಂಥುನಾಥ.

"ನನ್ನ ಬೆನ್ನ ಹತ್ತಿ ಬಂದ್ರೇನ್ರಿ?"

"ಸೂರ್ಯಾನ ಬೆನ್ನ ಹತ್ತಿ ಬಂದೇನ್ರಿ. ನೀವು ನಡುವ ಬಂದೀರಿ."

ಅವಳಿಗೆ ನಗು ಬಂತು. ಬಂದ ನಗುವನ್ನು ಸಾರಿನ ಜೊತೆ ನುಂಗಿದಳು.  ಕಿಟಕಿಯಾಚೆ ಬೆಳಕು ಕೆಂಪಗಾಗುವುದನ್ನು ಇಬ್ಬರೂ ಒಟ್ಟಿಗೇ ನೋಡಿದರು, ಒಟ್ಟಿಗೇ ತುತ್ತಿನ ವೇಗ ಹೆಚ್ಚಿಸಿದರು. ಎದುರಾಳಿಯ ಕೈ ಇಷ್ಟು ನೀಟಾಗಿ ಅನ್ನ ಕಲಸುತ್ತದೆ ಎಂಬುದು ಅಲಕಾಳಿಗೆ ಗೊತ್ತಾಯಿತು. ಗೊತ್ತಾಗಬಾರದಿತ್ತು ಎಂದುಕೊಂಡಳು.

ಪ್ರತಿ ತಾರೀಖಿಗೂ ಇದೇ ಆಯಿತು. ಕೇಸಿನ ಸುದ್ದಿ ಬಿಟ್ಟು ಉಳಿದದ್ದೆಲ್ಲ ಮಾತಾದವು. ಅವನಿಗೆ ಹೆಸರುಬೇಳೆ ಅಂದರೆ ಪ್ರಾಣ, ಎಸ್.ಟಿ. ಬಸ್ಸಿನ ಹಿಂದಿನ ಸೀಟು ಅಂದರೆ ಭಯ. ಬರುವ ತಾರೀಖಿಗೆ ಕಾಯುವುದು ಕೇಸಿನ ಸಲುವಾಗಿಯೇ ಎಂದು ಅಲಕಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ನಂಬಿಕೆ ಕಡಿಮೆಯಾಯಿತು.

ಶ್ರಾವಣದ ಒಂದು ಸಂಜೆ ಅಲಕಾ ಕೋರ್ಟಿನ ಬೆಂಚಿನ ಮೇಲೆ ಕೊಡೆ ಮರೆತಳು. ಅದನ್ನು ಕೊಡಲು ಚಂದ್ರಾಬಾಯಿ ಹುಡುಕುತ್ತ ಖಾನಾವಳಿಗೇ ಬಂದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಕೊಡೆಯನ್ನು ಗೋಡೆಗೆ ಆನಿಸಿ ಹೊರಟುಹೋದಳು.

ಮುಂದಿನ ತಾರೀಖಿಗೆ ಅವಳ ಮುಖ ಗಂಟು ಹಾಕಿಕೊಂಡಿತ್ತು. ಅಲಕಾ ಸಮಜಾಯಿಷಿ ಹೇಳಿದಳು. ತಮ್ಮವರು ಹೊತ್ತು ಮುಳುಗುವುದರೊಳಗೆ ಉಣ್ಣಬೇಕು, ಊರಲ್ಲಿರುವುದು ಅದೊಂದೇ ಜಾಗ, ಕೇಸಿನ ಒಂದಕ್ಷರವೂ ಅಲ್ಲಿ ಆಡಿಲ್ಲ ಎಂದಳು.

"ಹೊತ್ತಿನ ಊಟದ ಸಂಗತಿ ನಂಗೂ ಗೊತ್ತೈತ್ರಿ ಬಾಯಾರ. ನಮ್ಮ ಓಣ್ಯಾಗೂ ನಿಮ್ಮ ಮಂದಿ ಅದಾರ," ಎಂದಳು ಚಂದ್ರಾಬಾಯಿ. "ಅಂವಾ ನಿಮ್ಮ ತಾಟಿಗೆ ತುಪ್ಪಾ ಯಾಕ ಹಾಕಿದಾ? ಅದನ್ನ ಹೇಳ್ರಿ."

 ತುಪ್ಪ ಹಾಕಿದ್ದು ನಿಜ. ಬೇಡ ಎನ್ನದೆ ತಾನು ತಾಟು ಮುಂದೆ ಸರಿಸಿದ್ದೂ ನಿಜ. ತನ್ನ ಸೊಸೆಯ ಅನ್ನ ಈ ಕೇಸಿನ ಮೇಲಿದೆ, ವಕೀಲರೇ ಎದುರಿನವನ ತುಪ್ಪ ಉಂಡರೆ ತಾನು ಯಾರನ್ನು ನಂಬಬೇಕು ಎಂದು ಚಂದ್ರಾಬಾಯಿ ಕಣ್ಣಿಗೆ ಸೆರಗು ಹಚ್ಚಿದಳು. ಕೇಸು ಮುಗಿಯುವ ತನಕ ಅವನ ಪಂಕ್ತಿಯಲ್ಲಿ ಕೂರುವುದಿಲ್ಲ ಎಂದು ಅಲಕಾ ಆಣೆ ಮಾಡಿದಳು.

ಆಣೆ ಮಾಡುವುದು ಸುಲಭ. ಅಂದಿನ ಸಂಜೆ ಅವಳು ಎಸ್.ಟಿ. ಸ್ಟ್ಯಾಂಡಿನಲ್ಲಿ ಗಡಹಿಂಗ್ಲಜದ ಬಸ್ಸು ನಿಲ್ಲುವ ಫಲಾಟಿನ ಮೇಲೆ ನಿಂತು ಹುರಿದ ಕಡಲೆ ಪುಟಾಣಿಯ ಪೊಟ್ಟಣ ಬಿಚ್ಚಿದಳು.  ತಲೆ ಎತ್ತಿದರೆ ಬಸ್ಸುಗಳಾಚೆ ಇಚಲಕರಂಜಿಯ ಫಲಾಟಿನ ಮೇಲೆ ಕರಿ ಕೋಟೊಂದು ಶೇಂಗಾ ಸುಲಿಯುತ್ತ ನಿಂತಿತ್ತು.

"ಖಾನಾವಳಿ ಬಂದ್ ಐತೇನ್ರಿ?" ಎಂದು ಅವಳು ಅಲ್ಲಿಂದಲೇ ಕೂಗಿದಳು.

"ಚಾಲೂ ಐತ್ರಿ. ಆದ್ರ ಬಾಜೂದ ಮಣಿ ಖಾಲಿ ಇತ್ತು. ತುತ್ತು ಇಳೀಲಿಲ್ಲ."

ನಡುವೆ ಒಂದು ಬಸ್ಸು ಬಂದು ನಿಂತಿತು. ಅದು ಹೋಗುವ ತನಕ ಅಲಕಾ ಕತ್ತು ಉದ್ದ ಮಾಡಿ ನಿಂತಿದ್ದಳು. ಹೋದ ಮೇಲೆ ನೋಡಿದರೆ ಆಚೆ ಕಡೆಯವನ ಕತ್ತೂ ಅಷ್ಟೇ ಉದ್ದವಾಗಿತ್ತು. ಇಬ್ಬರೂ ಸಟ್ಟನೆ ಆಕಾಶ ನೋಡತೊಡಗಿದರು.

ಆಮೇಲೆ ಎಲ್ಲ ತಾರೀಖಿನ ಸಂಜೆಯೂ ಅವನು ಆ ಫಲಾಟಿನ ಮೇಲೆ, ಇವಳು ಈ ಫಲಾಟಿನ ಮೇಲೆ. ಅವನು ಒಂದು ಹೆಜ್ಜೆಯೂ ಈಚೆ ಇಡಲಿಲ್ಲ. ಖಾನಾವಳಿ ಯಾಕೆ ಬಿಟ್ಟಳೆಂದೂ ಕೇಳಲಿಲ್ಲ. ಆ ಮರ್ಯಾದೆಗೇ ಅಲಕಾ ಸೋತಳು. ಅವನ ಮೇಲೆ ತನಗೆ ಪ್ರೀತಿ ಬಂದಿದೆ ಎಂದು ಒಪ್ಪಿಕೊಂಡದ್ದೂ ಅಲ್ಲೇ, ಬಾಯಿ ತುಂಬ ಪುಟಾಣಿ ಇದ್ದಾಗ.

ಅಷ್ಟರಲ್ಲಿ ಜಯಪಾಲ ಸೇಠರನ್ನು ಕಟಕಟೆಗೆ ಕರೆಯುವ ದಿನ ಬಂತು. ಮದುವೆಯಾದ ಹೆಂಗಸಿನ ಚಿತ್ತ ಮನೆಯ ಕಡೆ ಓಡುತ್ತದೆ, ಬಟ್ಟೆಯ ತಪ್ಪು ಕಾಣುವುದಿಲ್ಲ ಎಂದರು ಸೇಠರು. ಮಗ್ಗದ ಗಂಡಸರಲ್ಲಿ ಮದುವೆಯಾದವರು ಇದ್ದಾರೆಯೇ ಎಂದು ಅಲಕಾ ಕೇಳಿದಳು. ಎಲ್ಲರೂ ಆದವರೇ. ಅವರ ಚಿತ್ತ ಎಲ್ಲಿರುತ್ತದೆ? ಗಿರಣಿಯಲ್ಲಿ. ಸೇಠರಿಗೆ ಮದುವೆಯಾಗಿದೆಯೇ? ಆಗಿ ಇಪ್ಪತ್ತು ವರ್ಷವಾಯಿತು. ಗಿರಣಿಯಲ್ಲಿ ಕೂತಾಗ ಅವರಿಗೆ ಮನೆಯ ನೆನಪು ಬರುತ್ತದೆಯೇ?

"ಒಮ್ಮೆನೂ ಇಲ್ಲ," ಎಂದುಬಿಟ್ಟರು ಸೇಠರು, ಹೆಮ್ಮೆಯಿಂದ. ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ಕೂತಿದ್ದಾರೆಂಬುದು ಆಮೇಲೆ ನೆನಪಾಯಿತು. ಜಡ್ಜ್ ಸಾಹೇಬರು ಬರೆಯಲು ಏನೂ ಇಲ್ಲದಿದ್ದರೂ ತಲೆ ಬಗ್ಗಿಸಿ ಬರೆಯತೊಡಗಿದರು.

ಆದರೆ ಸೇಠರು ಒಂದು ಮಾತಿಗೆ ಗಟ್ಟಿಯಾಗಿ ಅಂಟಿಕೊಂಡರು. ತನ್ನ ಖಾತೆಯಲ್ಲಿ ಈವರೆಗೆ ಮದುವೆಯಾದ ಹೆಂಗಸು ಛಾಯಾ ಒಬ್ಬಳೇ. ಅದಕ್ಕೇ ತನ್ನ ಬಟ್ಟೆಗೆ ಮುಂಬೈಯಲ್ಲಿ ಇಷ್ಟು ಹೆಸರು. ಇದನ್ನು ಸುಳ್ಳೆಂದು ತೋರಿಸದಿದ್ದರೆ ಕೇಸು ಹೋದಂತೆಯೇ. ಕೇಳುತ್ತ ಕೂತಿದ್ದ ಚಂದ್ರಾಬಾಯಿಗೆ ಕೆಮ್ಮು ಬಂದು ನಿಲ್ಲಲೇ ಇಲ್ಲ.

ಹೊರಗೆ ಬಂದ ಮೇಲೆ ಅವಳು ಅಲಕಾಳನ್ನು ಮೂಲೆಗೆ ಎಳೆದು ಗುಟ್ಟು ಬಿಚ್ಚಿದಳು. ಖಾತೆಯ ಹುಡುಗಿಯರಲ್ಲಿ ಅರ್ಧಕ್ಕರ್ಧ ಮುತ್ತೈದೆಯರು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮುಂಚೆ ತಾಳಿ, ಕಾಲುಂಗುರ ಬಿಚ್ಚಿ ಇವಳ ಗಾಡಿಯ ಕೆಳಗಿನ ಮೊಳೆಗಳಿಗೆ ಸಿಕ್ಕಿಸಿ ಒಳಗೆ ಹೋಗುತ್ತಾರೆ. ಸಂಜೆ ಹಾಕಿಕೊಂಡು ಮನೆಗೆ.

ಅಲಕಾ ಖುಷಿಯಿಂದ ಎರಡೂ ಕೈ ಜೋಡಿಸಿದಳು. ಮರುಕ್ಷಣ ಕೈ ಇಳಿಬಿದ್ದವು. ಇದನ್ನು ಕೋರ್ಟಿನಲ್ಲಿ ಹೇಳಿದರೆ ಛಾಯಾ ಗೆದ್ದಾಳು, ಆದರೆ ತೀರ್ಪು ಬರುವ ಮುಂಚೆಯೇ ಸೇಠರು ಅಷ್ಟೂ ಮಂದಿಯನ್ನು ಹೊರಗೆ ಹಾಕಿಯಾರು. ಹೇಳಬ್ಯಾಡ್ರಿ ಬಾಯಾರ ಎಂದು ಚಂದ್ರಾಬಾಯಿ ಅವಳ ಕೈ ಹಿಡಿದಳು. ಹೇಳುವುದಿಲ್ಲ ಎಂದಳು ಅಲಕಾ.

ಮುಂದಿನ ಭಾನುವಾರ, ಗಡಹಿಂಗ್ಲಜದ ಸಂತೆಯ ದಿನ, ಚಂದ್ರಾಬಾಯಿ ಮೊದಲ ಬಸ್ಸಿಗೇ ಬಂದು ಮಗದುಮರ ಬೆಲ್ಲದ ಅಂಗಡಿಯಲ್ಲಿ ಕುಸಿದು ಕೂತಳು. ಕುಂಥುನಾಥ ಖಾತೆ ನೋಡಲು ಗಿರಣಿಗೆ ಬಂದಿದ್ದನಂತೆ. ಮಳೆ ಬಂದಿತೆಂದು ಅವಳ ಗಾಡಿಯ ತಗಡಿನ ಕೆಳಗೆ ಚಹಾ ಹಿಡಿದು ನಿಂತನಂತೆ. ಅದೇ ಹೊತ್ತಿಗೆ ಕೆಲಸ ಬಿಡುವ ಭೋಂಗಾ ಆಗಿ ಹುಡುಗಿಯರು ಬಂದು, ಒಬ್ಬೊಬ್ಬರೇ ಬಗ್ಗಿ, ಸೆರಗು ಮುಂದೆ ಎಳೆದುಕೊಂಡು ತಾಳಿ ಕಟ್ಟಿಕೊಂಡರಂತೆ. ಗಾಬರಿಯಲ್ಲಿ ಚಂದ್ರಾಬಾಯಿ ಕುದಿಯುವ ಚಹಾವನ್ನು ಅವನ ಬೂಟಿಗೇ ಸುರಿದಿದ್ದಳು.

"ಎಲ್ಲಾ ನೋಡಿಬಿಟ್ಟಾನ್ರಿ. ಚಾ ಭಾಳ ಚಲೋ ಐತಿ ಅಂತಂದು ಹೋಗಿಬಿಟ್ಟಾ."

ಆ ವಾರ ಅಲಕಾಳಿಗೆ ಊಟ ಸೇರಲಿಲ್ಲ. ಅವನು ಕೋರ್ಟಿನಲ್ಲಿ ಹೇಳಿದರೆ ಅಷ್ಟು ಹೆಂಗಸರ ಅನ್ನ ಹೋಗುತ್ತದೆ. ತನ್ನ ಮೇಲಿನ ಪ್ರೀತಿಗೆ ಹೇಳದೆ ಮುಚ್ಚಿಟ್ಟರೆ ಅವನು ತನ್ನ ಕಕ್ಷಿದಾರನಿಗೆ ಮೋಸ ಮಾಡಿದಂತೆ. ಅಂಥ ವಕೀಲನನ್ನು ಅವಳು ಹೇಗೆ ಪ್ರೀತಿಸಲಿ? ಯಾವ ಕಡೆ ಹೊರಳಿದರೂ ಮುಳ್ಳೇ.

ತಾರೀಖಿನ ದಿನ ಕುಂಥುನಾಥ ಎದ್ದು ನಿಂತಾಗ ಅವಳು ಅವನ ಮುಖ ನೋಡಲಿಲ್ಲ. ಅವನು ಎರಡೇ ಮಾತು ಹೇಳಿದ. ಗಿರಣಿಯವರು ಆ ನಿಯಮವನ್ನು ತಾವಾಗಿಯೇ ರದ್ದು ಮಾಡಿದ್ದಾರೆ, ಛಾಯಾಳನ್ನು ಅದೇ ಮೇಜಿಗೆ ವಾಪಸು ತೆಗೆದುಕೊಳ್ಳುತ್ತಾರೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಜಡ್ಜ್ ಸಾಹೇಬರು ಅಲಕಾಳನ್ನು ಎರಡು ಸಲ ಕೇಳಬೇಕಾಯಿತು. ಛಾಯಾ ಅತ್ತೆಯ ಕೊರಳಿಗೆ ಬಿದ್ದು ಅತ್ತಳು. ಚಂದ್ರಾಬಾಯಿಯೂ ಅತ್ತಳು, ಅತ್ತೆ-ಸೊಸೆ ಹೀಗೆ ಅಪ್ಪಿಕೊಂಡದ್ದು ಅದೇ ಮೊದಲು.

ಸಂಜೆ ಅಲಕಾ ನೆಟ್ಟಗೆ ಇಚಲಕರಂಜಿಯ ಫಲಾಟಿಗೆ ನಡೆದಳು.

"ನನ್ನ ಮ್ಯಾಲೆ ದಯಾ ತೋರ್ಸಿದ್ರೇನ್ರಿ?"

"ನಿಮ್ಮ ಮ್ಯಾಲೆ ಯಾಕ ತೋರ್ಸಲಿ? ನಾ ಸೇಠರ ವಕೀಲ," ಎಂದ ಅವನು. ಸೇಠರಿಗೆ, ನಿಮ್ಮ ಖಾತೆಯ ಬೆಸ್ಟ್ ಹುಡುಗಿಯರ ಹೆಸರು ಹೇಳಿ ಎಂದಿದ್ದನಂತೆ. ಅವರು ಬೆರಳು ಮಡಿಸುತ್ತ ಹೇಳಿದ್ದರಂತೆ. "ಅಷ್ಟು ಕೇಳಿ ನಾ ಅಂದೆ, ಸೇಠರ, ಈ ನಿಯಮಾ ಉಳಿಸ್ಕೊಂಡ್ರ ದೀಪಾವಳಿ ಮಾಲು ನೀವೂ ನಿಮ್ಮ ಮನಿಯವ್ರೂ ಕೂಡಿ ತಪಾಸಬೇಕಾಕೈತಿ. ಯಾಕ ಅಂತ ಕೇಳಬ್ಯಾಡ್ರಿ. ಕೇಳಿದ್ರ ಗೊತ್ತಾಕೈತಿ, ಗೊತ್ತಾದ್ರ ಅವರನ್ನ ಕೆಲಸದಿಂದ ತಗೀಬೇಕಾಕೈತಿ. ಸೇಠರು ಶಾಣ್ಯಾರು, ಕೇಳಲಿಲ್ಲ."

"ಹಂಗಾದ್ರ ಕೇಸ್ ನಾ ಗೆದ್ದಂಗಲ್ಲ."

"ಸೇಠರನ್ನ ಕಟಕಟ್ಯಾಗ ನಿಲ್ಲಿಸಿ ಮಂದಿ ಮುಂದ ನಗಿಗೇಡ ಮಾಡಿದವ್ರು ಯಾರು? ಅವತ್ತಿನಿಂದ ಅವರ ಮನ್ಯಾಗ ಅವರಿಗೆ ಸರಿ ಊಟಾ ಇಲ್ಲ. ನಿಯಮಾ ಬಿಡಾಕ ಒಂದು ನೆಪಾ ಬೇಕಾಗಿತ್ತು. ನಾ ಕೊಟ್ಟೆ."

ಅಲಕಾಳ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅವನು ಯಾರಿಗೂ ಮೋಸ ಮಾಡಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ, ಬೂಟಿನ ತುದಿ ನೋಡುತ್ತ, ಬರುವ ಭಾನುವಾರ ಅಪ್ಪನನ್ನೂ ಕಾಕಾನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬರಬೇಕೆಂದಿದ್ದೇನೆ ಎಂದ.

"ಕೇಸ್ ಮುಗೀತಲ್ರೀ."

"ಅದಕ್ಕ ಬರಾಕತ್ತೇನಿ. ಕೇಸ್ ನಡದಾಗ ಬರಂಗಿರಲಿಲ್ಲ."

ಅವಳ ಬಸ್ಸು ಹಾರ್ನ್ ಹೊಡೆಯಿತು. ಓಡಿ ಹತ್ತಿದಳು. ಹೊತ್ತು ಮುಳುಗಿತು, ಹೊಟ್ಟೆ ಖಾಲಿ, ಅವಳಿಗೆ ಪರಿವೆಯೇ ಇರಲಿಲ್ಲ. ನಿಪ್ಪಾಣಿ ದಾಟಿದ ಮೇಲೆ ಮಾತ್ರ ಎದೆ ಧಸಕ್ಕೆಂದಿತು. ಕೋರ್ಟು ಬಿಡುವ ಆ ಒಂದು ಪ್ರಶ್ನೆಯನ್ನು ಅವನಿಗೆ ಕೇಳಿಯೇ ಇರಲಿಲ್ಲ.

ಭಾನುವಾರ ಅವರು ಬಂದರು. ಅವನ ಅಪ್ಪ ಮಿತಭಾಷಿ, ಕಾಕಾ ಎಲ್ಲರ ಪರವಾಗಿ ಮಾತಾಡುವವರು. ಅಲಕಾ ತಾಟು ಹಿಡಿದು ಬಂದಳು. ಹಸಿರು ಸೀರೆ ಉಟ್ಟಿದ್ದಳು. ಕರಿ ಕೋಟಿಲ್ಲದ ಅವಳನ್ನು ಕುಂಥುನಾಥ ಅದೇ ಮೊದಲು ನೋಡಿದ್ದು. ಕೈಗೆ ಕೊಟ್ಟ ಅವಲಕ್ಕಿಯನ್ನು ಮರೆತು ಖಾಲಿ ಚಮಚವನ್ನೇ ಬಾಯಿಗಿಟ್ಟುಕೊಂಡ. ಅವಳು ನೋಡಿದಳು, ತುಟಿ ಕಚ್ಚಿದಳು.

ಕಾಕಾ ಅವಲಕ್ಕಿ ಮುಗಿಸಿದರು. ಹುಡುಗಿ ಭಾಳ ಶಾಣ್ಯಾಳ ಎಂದರು. ಗಂಟಲು ಸರಿಮಾಡಿಕೊಂಡರು. ಅಲಕಾಳಿಗೆ ಮುಂದಿನದು ಗೊತ್ತಿತ್ತು.

"ಮದುವಿ ಆದಮ್ಯಾಲ ಕೋರ್ಟು ಬಿಡೂದು, ಹೌದಿಲ್ಲೋ?"

ಜಿನದತ್ತರು ನೆಲ ನೋಡಿದರು. ದೀಪಾವಳಿ ಹತ್ತಿರವಿತ್ತು.  ಅಲಕಾ ಕುಂಥುನಾಥನನ್ನೇ ನೋಡಿದಳು. ಅವನು ಚಮಚ ಕೆಳಗಿಟ್ಟ.

"ಹೌದ್ರಿ ಕಾಕಾ. ಬಿಡಬೇಕಾಕೈತಿ."

ಅಷ್ಟೇ ಸಾಕಾಯಿತು. ಇಷ್ಟು ಸಂಜೆಗಳೂ ಸುಳ್ಳು, ಆ ಫಲಾಟೂ ಸುಳ್ಳು. ಅಲಕಾ ತಾಟನ್ನು ನೆಲಕ್ಕಿಟ್ಟು ಒಳಗೆ ಹೋಗಲು ತಿರುಗಿದಳು. ಕಣ್ಣು ತುಂಬಿ ಬಾಗಿಲು ಸರಿಯಾಗಿ ಕಾಣಲಿಲ್ಲ.

"ಒಂದ ಮನ್ಯಾಗ ಸೇಠಗೋಳ ವಕೀಲ, ಕೆಲಸಗಾರರ ವಕೀಲ ಇಬ್ಬರೂ ಇದ್ರ ಯಾರ ನಂಬತಾರ?" ಎಂದು ಅವನು ಹಿಂದೆಯೇ ಹೇಳುತ್ತಿದ್ದ. "ಅಕಿ ಕೆಲಸಾ ಹೆಚ್ಚಿಂದು. ಅದಕ್ಕ ನಾನ ಬಿಟ್ಟು ಬಂದೇನಿ. ನಿನ್ನೆ ಜಯಪಾಲ ಸೇಠರ ಹಂತೇಕ ಹೋಗಿ, ನಂದು ಮದುವಿ ಐತಿ, ಕೆಲಸಾ ಬಿಡತೇನಿ ಅಂತ ಹೇಳಿದೆ."

ಕಾಕಾನ ಗಂಟಲಲ್ಲಿ ಚಹಾ ಸಿಕ್ಕಿಕೊಂಡಿತು. ಅವನ ಅಪ್ಪ ಕಾಕಾನ ಬೆನ್ನು ಗುದ್ದತೊಡಗಿದರು. ಅಲಕಾ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ತಿರುಗಿದಳು.

"ಸೇಠರು ಏನಂದ್ರು?"

"ಗಾಬರಿ ಆದ್ರು ಪಾಪ. ಮದುವಿ ಆದ್ರ ಬಿಡೂದು ಯಾಕೋ, ಆ ನಿಯಮಾ ನಾವು ತಗದೇವಲ್ಲ, ಅಂದ್ರು."

ಅಲಕಾ ನಕ್ಕಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದಂತೆಯೇ, ಗೋಡೆ ಹಿಡಿದುಕೊಂಡು, ಹಿರಿಯರೆದುರು ನಗಬಾರದೆಂಬುದನ್ನೂ ಮರೆತು ನಕ್ಕಳು. ಜಿನದತ್ತರಿಗೆ ನಗು ಬರಲಿಲ್ಲ. ವ್ಯಾಪಾರದ ಮನುಷ್ಯ. ಇದ್ದ ಕೆಲಸ ಬಿಟ್ಟು ಬಂದ ಗಂಡಿಗೆ ಹೆಣ್ಣು ಕೊಡುವುದು ಹೇಗೆ ಎಂದು ಮಗಳ ಕಿವಿಯಲ್ಲಿ ಕೇಳಿದರು. ಮಗಳು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು.

"ನನ್ನ ಆಫೀಸಿನ್ಯಾಗ ಒಂದು ಕುರ್ಚಿ ಖಾಲಿ ಐತ್ರಿ ಅಪ್ಪಾ. ಮದುವಿ ಆದವ್ರನ್ನೂ ತಗೋತೇನಿ."